ಡಾಲ್‌ಹೌಸಿಗೂ ಗಂಡು ಮಕ್ಕಳಿರಲಿಲ್ಲ



ಶಾಲೆಯಲ್ಲಿ ಇತಿಹಾಸ ಓದಿದ ಎಲ್ಲರಿಗೂ ಡಾಲ್‌ಹೌಸಿಯ ಹೆಸರು ಗೊತ್ತು. ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯನ್ನು ಜಾರಿಗೆ ತಂದವರು ಯಾರು?’ ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ ಅವನೇ. ಆದರೆ ಡಾಲ್‌ಹೌಸಿ ಎಂಬುದು ಆ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರಲ್ಲ ಎಂಬುದು ಬಹಳ ಮಂದಿಗೆ ತಿಳಿದಿರಲಾರದು. ಆತನ ಹೆಸರು ಜೇಮ್ಸ್ ಬ್ರೌನ್ ರಾಮ್ಸೆ. ಡಾಲ್‌ಹೌಸಿ ಎಂಬುದು ಸ್ಕಾಟ್ಲೆಂಡಿನ ಒಂದು ಊರಿನ, ಅಲ್ಲಿನ ಕೋಟೆಯ ಹೆಸರು. ಆ ಹೆಸರಿನ ಮೇಲೆ ದೊರೆ ಕೊಟ್ಟ ಪದವಿಯೊಂದಿತ್ತು. ಜೇಮ್ಸ್ ಆ ಪದವಿಯ ಹತ್ತನೆಯ ಹಕ್ಕುದಾರ.

ಇನ್ನೊಂದು ಸಂಗತಿ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಗಂಡು ಸಂತಾನವಿಲ್ಲದ ರಾಜರ ಸಂಸ್ಥಾನಗಳನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ ಈ ಡಾಲ್‌ಹೌಸಿಗೂ ಗಂಡು ಮಕ್ಕಳಿರಲಿಲ್ಲ. ಹಾಗಾದರೆ ಅವನು ತೀರಿಕೊಂಡ ಮೇಲೆ ಅವನ ಪದವಿ ಏನಾಯಿತು? ಅದು ಯಾರಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಝಾನ್ಸಿ, ನರಗುಂದ, ಮೈಸೂರುಗಳ ಕಥೆಯೂ ಹೊಸ ಬೆಳಕಿನಲ್ಲಿ ಕಾಣುತ್ತದೆ.

ಕೋಟೆಯ ಮನೆತನ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ದಕ್ಷಿಣಕ್ಕೆ, ಎಸ್ಕ್ ಎಂಬ ಸಣ್ಣ ನದಿಯ ದಂಡೆಯ ಮೇಲೆ ಕೆಂಪು ಕಲ್ಲಿನ ಡಾಲ್‌ಹೌಸಿ ಕೋಟೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಒಂದನೆಯ ಡೇವಿಡ್ ದೊರೆಯ ಕಾಲಕ್ಕೆ ಇಂಗ್ಲೆಂಡಿನಿಂದ ವಲಸೆ ಬಂದ ರಾಮ್ಸೆ ಮನೆತನ ಅಲ್ಲಿ ನೆಲೆ ನಿಂತಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಮೇಲಿಂದ ಮೇಲೆ ಕಾದಾಡುತ್ತಿದ್ದ ಕಾಲದಲ್ಲಿ ಈ ಮನೆತನದವರು ಕತ್ತಿ ಹಿಡಿದೇ ಬಾಳಿದರು. ಸ್ಕಾಟ್ಲೆಂಡ್ ಸ್ವತಂತ್ರ ರಾಜ್ಯವೆಂದು ಸಾರಿ 1320ರಲ್ಲಿ ಪೋಪ್‌ಗೆ ಬರೆದ ಆರ್ಬ್ರೋತ್ ಘೋಷಣೆಯಲ್ಲಿ ವಿಲಿಯಂ ರಾಮ್ಸೆಯ ಹೆಸರಿದೆ. 1342ರಲ್ಲಿ ಅಲೆಕ್ಸಾಂಡರ್ ರಾಮ್ಸೆ ಎಂಬ ವೀರನನ್ನು ಮತ್ಸರಪಟ್ಟ ಇನ್ನೊಬ್ಬ ಪಾಳೆಯಗಾರ ಸೆರೆಹಿಡಿದು, ಹರ್ಮಿಟೇಜ್ ಕೋಟೆಯ ನೆಲಮಾಳಿಗೆಯಲ್ಲಿ ಹಸಿವಿನಿಂದ ಸಾಯಿಸಿದ. ಮೇಲಿನ ಕಣಜದಿಂದ ಸೋರಿದ ಕಾಳುಗಳನ್ನು ತಿಂದು ಆತ ಕೆಲವು ದಿನ ಜೀವ ಹಿಡಿದಿದ್ದನೆಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ.

ಇಷ್ಟೆಲ್ಲ ಆದರೂ ರಾಮ್ಸೆಗಳು ಬಹುಕಾಲ ಬರಿಯ ಭೂಮಾಲೀಕರಾಗಿಯೇ ಇದ್ದರು. ಅವರ ಅದೃಷ್ಟ ಖುಲಾಯಿಸಿದ್ದು 1600ರಲ್ಲಿ. ಆ ವರ್ಷ ಆರನೆಯ ಜೇಮ್ಸ್ ದೊರೆಯ ಮೇಲೆ ಗೌರಿ ಮನೆತನದವರ ಮನೆಯಲ್ಲಿ ಕೊಲೆಯ ಸಂಚು ನಡೆಯಿತು ಎನ್ನಲಾಯಿತು. ಆಗ ದೊರೆಯ ನೆರವಿಗೆ ಧಾವಿಸಿದವನು ಡಾಲ್‌ಹೌಸಿಯ ಜಾನ್ ರಾಮ್ಸೆ ಎಂಬ ತರುಣ. ದೊರೆ ಅವನಿಗೆ ಒಂದರ ಮೇಲೊಂದು ಪದವಿ ಕೊಟ್ಟ. ಆದರೆ 1626ರಲ್ಲಿ ಜಾನ್ ಸತ್ತಾಗ ಉಳಿದ ಮಕ್ಕಳು ಯಾರೂ ಇರಲಿಲ್ಲ. ಅವನಿಗೆ ಬಂದ ಪದವಿಗಳು ಅವನೊಂದಿಗೇ ಮುಗಿದವು. ಅವನ ಅಣ್ಣ ಜಾರ್ಜ್‌ಗೆ 1618ರಲ್ಲಿ ಸಿಕ್ಕಿದ್ದ ‘ಲಾರ್ಡ್ ರಾಮ್ಸೆ’ ಪದವಿ ಮಾತ್ರ ಮುಂದುವರಿಯಿತು. ಜಾರ್ಜ್‌ನ ಮಗ ವಿಲಿಯಂನನ್ನು 1633ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ‘ಡಾಲ್‌ಹೌಸಿಯ ಅರ್ಲ್’ ಎಂದು ಏರಿಸಿದ. ಇತಿಹಾಸದಲ್ಲಿ ಉಳಿದ ಪದವಿ ಹುಟ್ಟಿದ್ದು ಹೀಗೆ.

ಸನ್ನದಿನ ಒಂದು ಮಾತು

ಬ್ರಿಟನ್ನಿನ ಪದವಿಗಳಲ್ಲಿ ಐದು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲೆ ಡ್ಯೂಕ್. ಅದರ ಕೆಳಗೆ ಮಾರ್ಕ್ವಿಸ್, ಅರ್ಲ್, ವೈಕೌಂಟ್, ಕೊನೆಗೆ ಬ್ಯಾರನ್. ಸ್ಕಾಟ್ಲೆಂಡಿನಲ್ಲಿ ಕೊನೆಯ ಮೆಟ್ಟಿಲನ್ನು ‘ಲಾರ್ಡ್’ ಎಂದೇ ಕರೆಯುವುದು ವಾಡಿಕೆ. ಒಬ್ಬನಿಗೆ ಇಂಥ ಪದವಿ ಕೊಡುವಾಗ ದೊರೆ ಒಂದು ಪತ್ರ ಬರೆದುಕೊಡುತ್ತಿದ್ದ. ಕನ್ನಡ ನಾಡಿನಲ್ಲಿ ಇನಾಮು, ಜಹಗೀರುಗಳಿಗೆ ಸನ್ನದು ಇದ್ದಂತೆಯೇ ಇದು. ಪದವಿ ಯಾರಿಂದ ಯಾರಿಗೆ ಇಳಿಯಬೇಕು ಎಂಬುದನ್ನು ಆ ಸನ್ನದೇ ಹೇಳುತ್ತದೆ. ಉಯಿಲು ಬರೆದು ಪದವಿಯನ್ನು ಬೇಕಾದವರಿಗೆ ಕೊಡಲು ಬರುವುದಿಲ್ಲ. ಮಾರಲೂ ಬರುವುದಿಲ್ಲ.

ಸನ್ನದಿನ ಒಕ್ಕಣೆಯಲ್ಲಿ ಮುಖ್ಯವಾಗಿ ಎರಡು ಬಗೆ. ‘ಇವನ ಮೈಯಿಂದ ಹುಟ್ಟಿದ ಗಂಡು ಸಂತತಿಗೆ’ ಎಂದು ಬರೆದಿದ್ದರೆ ಪದವಿ ಮಗ, ಮೊಮ್ಮಗ, ಮರಿಮಗನ ದಾರಿಯಲ್ಲಿ ಮಾತ್ರ ಸಾಗುತ್ತದೆ. ಮೊದಲು ಪಡೆದವನ ಔರಸ ಗಂಡು ಸಂತಾನ ಮುಗಿದ ದಿನ ಪದವಿಯೂ ಮುಗಿಯುತ್ತದೆ. ‘ಗಂಡು ವಾರಸುದಾರರಿಗೆ’ ಎಂದು ಮಾತ್ರ ಇದ್ದರೆ ಆ ದಾರಿ ಇನ್ನೂ ಅಗಲ. ಮಗನಿಲ್ಲದಿದ್ದರೆ ತಮ್ಮ, ತಮ್ಮನಿಲ್ಲದಿದ್ದರೆ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು, ಅವರೂ ಇಲ್ಲದಿದ್ದರೆ ಇನ್ನೂ ದೂರದ ದಾಯಾದಿ ಎಂದು ಹುಡುಕಿಕೊಂಡು ಹೋಗಬಹುದು. ಸ್ಕಾಟ್ಲೆಂಡಿನ ಹಳೆಯ ಪದವಿಗಳಲ್ಲಿ ಈ ಎರಡನೆಯ ಬಗೆ ಹೆಚ್ಚು. ಇಂಗ್ಲೆಂಡಿನಲ್ಲಿ, ಮತ್ತು ಎರಡೂ ರಾಜ್ಯಗಳು 1707ರಲ್ಲಿ ಒಂದಾದ ಮೇಲೆ ಹುಟ್ಟಿದ ಪದವಿಗಳಲ್ಲಿ, ಮೊದಲನೆಯದೇ ಸಾಮಾನ್ಯ.

1633ರ ಡಾಲ್‌ಹೌಸಿ ಪದವಿ ದಾಯಾದಿಗಳ ದಾರಿಯದು. ಐದನೆಯ ಅರ್ಲ್ 1710ರಲ್ಲಿ ಮದುವೆಯಾಗದೆ ತೀರಿಕೊಂಡಾಗಲೇ ಇದು ರುಜುವಾತಾಗಿತ್ತು. ಪದವಿ ಬೇರೆ ಕವಲಿನ ದಾಯಾದಿಗೆ ಹೋಗಿ ಅವನು ಆರನೆಯ ಅರ್ಲ್ ಆದ. 

ದತ್ತು ಮಗನ ಮಾತೇನು ಎಂದು ಕೇಳಬಹುದು. ಅಂಥ ಮಾತೇ ಅಲ್ಲಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ದತ್ತು ಸ್ವೀಕಾರಕ್ಕೆ ಕಾನೂನಿನ ಮಾನ್ಯತೆ ಬಂದದ್ದೇ 1930ರಲ್ಲಿ. ದತ್ತು ಮಕ್ಕಳು ಇಂಥ ಪದವಿಗಳಿಗೆ ಇಂದಿಗೂ ವಾರಸುದಾರರಲ್ಲ. ಗೌರವಕ್ಕಾಗಿ ಹೆಸರಿನ ಹಿಂದೆ ಹಚ್ಚಿಕೊಳ್ಳುವ ಬಿರುದುಗಳನ್ನು ಬಳಸಲು ಅವರಿಗೆ ಅವಕಾಶ ಸಿಕ್ಕಿದ್ದು 2004ರಲ್ಲಿ.

ತಂದೆ ಮತ್ತು ಮಗ

ಒಂಬತ್ತನೆಯ ಅರ್ಲ್ ಜಾರ್ಜ್ ರಾಮ್ಸೆ ಸೈನಿಕ. ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಆಗಿ ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ಹೋರಾಡಿದನಷ್ಟೆ. ಜಾರ್ಜ್ ಅಲ್ಲಿ ಅವನ ಕೈಕೆಳಗಿನ ಸೇನಾಧಿಕಾರಿ. ಆ ಸೇವೆಗಾಗಿ 1815ರಲ್ಲಿ ಅವನಿಗೆ ಬ್ಯಾರನ್ ಎಂಬ ಇನ್ನೊಂದು ಪದವಿ ಬಂತು. ಅರ್ಲ್ ಆದವನಿಗೆ ಕೆಳಗಿನ ಮೆಟ್ಟಿಲಿನ ಬ್ಯಾರನ್ ಪದವಿ ಏಕೆ ಬೇಕು? ಕಾರಣವಿದೆ. 1707ರ ನಂತರ ಸ್ಕಾಟ್ಲೆಂಡಿನ ಪದವೀಧರ ಶ್ರೀಮಂತರೆಲ್ಲರಿಗೂ ಲಂಡನ್ನಿನ ಪ್ರಭುಗಳ ಸಭೆಯಲ್ಲಿ ಜಾಗವಿರಲಿಲ್ಲ. ತಮ್ಮೊಳಗಿಂದ ಹದಿನಾರು ಮಂದಿಯನ್ನು ಮಾತ್ರ ಆರಿಸಿ ಕಳಿಸಬೇಕಿತ್ತು. ಸಂಯುಕ್ತ ರಾಜ್ಯದ ಹೊಸ ಪದವಿ ಇದ್ದವನಿಗೆ ಆ ಚುನಾವಣೆಯ ಹಂಗಿರಲಿಲ್ಲ.

ಜಾರ್ಜ್ 1816ರಿಂದ ನೋವಾ ಸ್ಕೋಷಿಯಾದ, 1820ರಿಂದ 1828ರವರೆಗೆ ಕೆನಡಾದ ಎಲ್ಲ ಬ್ರಿಟಿಷ್ ಪ್ರಾಂತಗಳ ಆಡಳಿತ ನಡೆಸಿದ. ಹ್ಯಾಲಿಫ್ಯಾಕ್ಸ್ ನಗರದಲ್ಲಿ 1818ರಲ್ಲಿ ಅವನು ಸ್ಥಾಪಿಸಿದ ಕಾಲೇಜು ಇಂದು ಡಾಲ್‌ಹೌಸಿ ವಿಶ್ವವಿದ್ಯಾಲಯ. ಆಮೇಲೆ ಭಾರತಕ್ಕೆ ದಂಡನಾಯಕನಾಗಿ ಬಂದು 1832ರವರೆಗೆ ಇದ್ದ. ಅವನ ಹೆಂಡತಿ ಕ್ರಿಸ್ಟಿನಾ ಬ್ರೌನ್ ಗಿಡಮೂಲಿಕೆಗಳಲ್ಲಿ ಆಸಕ್ತಿಯಿದ್ದ ವಿದ್ಯಾವಂತೆ. ಹೋದಲ್ಲೆಲ್ಲ ಸಸ್ಯಗಳನ್ನು ಸಂಗ್ರಹಿಸಿದಳು. ಒಂದು ಸಸ್ಯಕುಲಕ್ಕೆ ‘ಡಾಲ್‌ಹೌಸಿಯಾ’ ಎಂದು ಹೆಸರು ಬಂದದ್ದು ಅವಳ ನೆನಪಿಗೆ. ಆಕೆ ಕೋಲ್ಸ್‌ಟನ್ ಎಂಬ ಜಮೀನಿನ ಒಡತಿ. ಆ ಮನೆಯಲ್ಲಿ ಮಂತ್ರಿಸಿದ ಒಂದು ಪೇರ್ ಹಣ್ಣು ಇದೆ, ಅದು ಹಾಳಾಗದೆ ಇರುವವರೆಗೆ ಮನೆತನಕ್ಕೆ ಕೇಡಿಲ್ಲ ಎಂಬ ನಂಬಿಕೆ ತಲೆಮಾರುಗಳಿಂದ ಬಂದಿತ್ತು. ಈ ಕೋಲ್ಸ್‌ಟನ್ ಜಮೀನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಮಾತು ಮುಂದೆ ಬರುತ್ತದೆ.

ಈ ದಂಪತಿಯ ಮೂರನೆಯ ಮಗ ಜೇಮ್ಸ್ ಹುಟ್ಟಿದ್ದು 1812ರಲ್ಲಿ. ಅಣ್ಣಂದಿರಿಬ್ಬರೂ ತೀರಿಹೋದದ್ದರಿಂದ 1838ರಲ್ಲಿ ತಂದೆಯ ನಂತರ ಪದವಿ ಅವನಿಗೆ ಬಂತು. ಮದ್ರಾಸಿನ ಗವರ್ನರಾಗಿ ಮುಂದೆ ಬಂದ ಟ್ವೀಡೇಲ್‌ನ ಮಾರ್ಕ್ವಿಸ್ ಅವನ ಮಾವ. 1848ರ ಜನವರಿಯಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದಾಗ ಅವನಿಗಿನ್ನೂ 35 ವರ್ಷ. ಮರುವರ್ಷವೇ ಪಂಜಾಬನ್ನು ಗೆದ್ದು, ಹತ್ತು ವರ್ಷದ ಬಾಲಕ ದುಲೀಪ್ ಸಿಂಗ್‌ನನ್ನು ಸಿಂಹಾಸನದಿಂದ ಇಳಿಸಿ, ಕೊಹಿನೂರು ವಜ್ರವನ್ನು ವಿಕ್ಟೋರಿಯಾ ರಾಣಿಗೆ ಸಲ್ಲಿಸುವ ಏರ್ಪಾಡು ಮಾಡಿದ. ರಾಣಿ ಅವನನ್ನು ಮಾರ್ಕ್ವಿಸ್ ಮಾಡಿದಳು. 1849ರ ಆ ಸನ್ನದಿನಲ್ಲಿ ಡಾಲ್‌ಹೌಸಿ ಕೋಟೆಯ ಜೊತೆಗೆ ಪಂಜಾಬಿನ ಹೆಸರೂ ಸೇರಿತ್ತು. ಆದರೆ ಒಕ್ಕಣೆ ಹೊಸ ಬಗೆಯದು: ಪದವಿ ಅವನ ಮೈಯಿಂದ ಹುಟ್ಟಿದ ಗಂಡು ಸಂತತಿಗೆ ಮಾತ್ರ. ಅವನಿಗಿದ್ದದ್ದು ಸೂಸನ್ ಮತ್ತು ಈಡಿತ್ ಎಂಬ ಇಬ್ಬರು ಹೆಣ್ಣು ಮಕ್ಕಳು.

ವಾರಸುದಾರ ಎಂದರೆ ಯಾರು?

ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯನ್ನು ಡಾಲ್‌ಹೌಸಿಯೇ ಹುಟ್ಟುಹಾಕಿದ ಎನ್ನುವುದು ಪೂರ್ತಿ ನಿಜವಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಇದ್ದಾಗ ಜೇಮ್ಸ್ ಹನ್ನೆರಡು ವರ್ಷದ ಹುಡುಗ. ದತ್ತಕಕ್ಕೆ ಅನುಮತಿ ಕೊಡುವುದು ಕಂಪನಿಯ ಕೃಪೆಯೇ ಹೊರತು ಸಂಸ್ಥಾನಿಕರ ಹಕ್ಕಲ್ಲ ಎಂದು ಕಂಪನಿಯ ನಿರ್ದೇಶಕರು 1834ರಲ್ಲೇ ಹೇಳಿದ್ದರು. ಆದರೆ ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದುದನ್ನು ಸಿಕ್ಕ ಅವಕಾಶವನ್ನೆಲ್ಲ ಬಿಡದೆ ಬಳಸುವ ಪದ್ಧತಿಯಾಗಿ ಮಾಡಿದವನು ಡಾಲ್‌ಹೌಸಿಯೇ. 1848ರಲ್ಲಿ ಸಾತಾರಾ, 1849ರಲ್ಲಿ ಸಂಬಲ್‌ಪುರ, 1854ರಲ್ಲಿ ಝಾನ್ಸಿ ಮತ್ತು ನಾಗಪುರ ಹೀಗೆ ಕೈವಶವಾದವು.

ವಾದವೆಲ್ಲ ಕಾಗದದ ಮಾತಿನ ಮೇಲೆ ನಡೆಯಿತು. ಸಾತಾರಾದೊಂದಿಗೆ 1819ರಲ್ಲಿ ಆದ ಒಪ್ಪಂದದಲ್ಲಿ ರಾಜ್ಯ ರಾಜನಿಗೂ ಅವನ ವಾರಸುದಾರರಿಗೂ ಉತ್ತರಾಧಿಕಾರಿಗಳಿಗೂ ಸೇರಿದ್ದು ಎಂದಿತ್ತು. ಹಿಂದೂ ಧರ್ಮಶಾಸ್ತ್ರದಂತೆ ವಿಧಿವತ್ತಾಗಿ ದತ್ತು ತೆಗೆದುಕೊಂಡ ಮಗ ಔರಸ ಪುತ್ರನಂತೆಯೇ ಪಿಂಡ ಹಾಕಬಲ್ಲ, ಆಸ್ತಿಗೂ ಬಾಧ್ಯಸ್ಥ. ಹಾಗಾಗಿ ‘ವಾರಸುದಾರ’ ಎಂಬ ಮಾತಿನಲ್ಲಿ ದತ್ತು ಮಗ ಸೇರಿಯೇ ಇದ್ದಾನೆ ಎಂಬುದು ಈ ನೆಲದವರ ತಿಳಿವಳಿಕೆ. ಡಾಲ್‌ಹೌಸಿ ಆಸ್ತಿ ಬೇರೆ, ರಾಜ್ಯ ಬೇರೆ ಎಂದ. ದತ್ತು ಮಗ ಸ್ವಂತ ಆಸ್ತಿಯನ್ನು ಪಡೆಯಲಿ, ಸಿಂಹಾಸನಕ್ಕೆ ಮಾತ್ರ ಸಾರ್ವಭೌಮನ ಒಪ್ಪಿಗೆ ಬೇಕು ಎಂಬುದು ಅವನ ನಿಲುವು. ಝಾನ್ಸಿಯ ಗಂಗಾಧರ ರಾಯ ಸಾಯುವ ಹಿಂದಿನ ದಿನ ದತ್ತು ತೆಗೆದುಕೊಂಡ ದಾಮೋದರ ರಾಯನಿಗೆ ರಾಜ್ಯ ತಪ್ಪಿದ್ದು ಹೀಗೆ. ರಾಣಿ ಲಕ್ಷ್ಮೀಬಾಯಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ವಿಶ್ರಾಂತಿ ವೇತನ ಗೊತ್ತುಮಾಡಲಾಯಿತು.

ಕನ್ನಡ ನಾಡಿಗೂ ಇದರ ಬಿಸಿ ತಟ್ಟಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲೇ ಆಡಳಿತವನ್ನು ಕಿತ್ತುಕೊಳ್ಳಲಾಗಿತ್ತು. ಅವರಿಗೆ ಔರಸ ಪುತ್ರರಿರಲಿಲ್ಲ. 1799ರ ಒಪ್ಪಂದ ಸೂರ್ಯ ಚಂದ್ರರಿರುವವರೆಗೆ ನಡೆಯತಕ್ಕದ್ದು ಎಂದು ಬರೆದಿತ್ತು. ಇಲ್ಲಿನ ಶಿಲಾಶಾಸನಗಳ ‘ಆಚಂದ್ರಾರ್ಕ’ದಂಥದೇ ಮಾತು ಅದು. ಆದರೆ ಅದರಲ್ಲಿ ವಾರಸುದಾರರ ಪ್ರಸ್ತಾಪವೇ ಇಲ್ಲ, ಆದ್ದರಿಂದ ಮಹಾರಾಜರ ನಂತರ ರಾಜ್ಯ ಕಂಪನಿಗೆ ಸೇರಬೇಕು ಎಂದು ಡಾಲ್‌ಹೌಸಿ 1856ರಲ್ಲಿ, ಭಾರತ ಬಿಡುವ ಮುನ್ನ, ಟಿಪ್ಪಣಿ ಬರೆದಿಟ್ಟ.

ನರಗುಂದದಲ್ಲಿ ಮಾತು ಕಾಗದದಲ್ಲಿ ಮುಗಿಯಲಿಲ್ಲ. ಅಲ್ಲಿನ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಬ್ರಿಟಿಷರು ನಿರಾಕರಿಸಿದ್ದರು. 1858ರ ಮೇ ತಿಂಗಳಲ್ಲಿ ಆತ ಬಂಡೆದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆಯನ್ನು ನರಗುಂದದ ಅಗಸೆಗೆ ತೂಗುಹಾಕಲಾಯಿತು. ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಆ ಹೊತ್ತಿಗೆ ಡಾಲ್‌ಹೌಸಿ ಸ್ವದೇಶದಲ್ಲಿದ್ದ. ಉತ್ತರ ಭಾರತದಲ್ಲಿ ಎದ್ದ ದಂಗೆಗೆ ಅವನ ನೀತಿಯೇ ಕಾರಣವೆಂಬ ಟೀಕೆಗಳನ್ನು ಓದುತ್ತಿದ್ದ.

ಕೋಟೆಯಲ್ಲಿ ಕೊನೆಯ ದಿನ

ಭಾರತದಲ್ಲಿದ್ದ ಎಂಟು ವರ್ಷಗಳಲ್ಲಿ ಡಾಲ್‌ಹೌಸಿ ರೈಲು ಓಡಿಸಿದ, ತಂತಿ ಹಾಕಿಸಿದ, ಅರ್ಧಾಣೆಗೆ ದೇಶದ ಯಾವ ಮೂಲೆಗಾದರೂ ಕಾಗದ ಹೋಗುವ ಅಂಚೆ ವ್ಯವಸ್ಥೆ ಮಾಡಿದ. ಕೆಲಸದ ಭಾರಕ್ಕೆ ಮೈ ಕುಸಿಯಿತು. 1853ರಲ್ಲಿ ಹೆಂಡತಿ ಸ್ವದೇಶಕ್ಕೆ ಮರಳುವ ಹಡಗಿನಲ್ಲೇ ತೀರಿಕೊಂಡಳು. 1855ರಲ್ಲಿ ಆರೋಗ್ಯಕ್ಕಾಗಿ ಹಲವು ತಿಂಗಳು ನೀಲಗಿರಿಯಲ್ಲಿದ್ದು ಆಡಳಿತ ನಡೆಸಿದ. 1856ರಲ್ಲಿ ಹಿಂತಿರುಗುವಾಗ ಊರುಗೋಲಿನ ಆಸರೆ ಬೇಕಾಗಿತ್ತು. 1860ರ ಡಿಸೆಂಬರ್ 19ರಂದು, 48ನೆಯ ವಯಸ್ಸಿನಲ್ಲಿ, ಹುಟ್ಟಿದ ಕೋಟೆಯಲ್ಲೇ ಕಣ್ಣು ಮುಚ್ಚಿದ. ತನ್ನ ಖಾಸಗಿ ಕಾಗದಪತ್ರಗಳನ್ನು 50 ವರ್ಷ ಯಾರಿಗೂ ತೋರಿಸಬಾರದೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ.

ಅವನೊಂದಿಗೆ ಎರಡು ಪದವಿಗಳು ಅಳಿದವು. ಪಂಜಾಬಿನ ಹೆಸರು ಹೊತ್ತ ಮಾರ್ಕ್ವಿಸ್ ಪದವಿ ಹನ್ನೊಂದೇ ವರ್ಷ ಬಾಳಿತು. ತಂದೆಗೆ ಸಿಕ್ಕಿದ್ದ 1815ರ ಬ್ಯಾರನ್ ಪದವಿಯೂ ಹೋಯಿತು. ಎರಡಕ್ಕೂ ಔರಸ ಗಂಡು ಸಂತತಿ ಬೇಕಿತ್ತು. ಸಾತಾರಾಕ್ಕೆ, ಝಾನ್ಸಿಗೆ ಹೇಳಿದ ಮಾತು ಅವನ ಮನೆಯ ಬಾಗಿಲಿಗೇ ಬಂದಿತ್ತು.

ಆದರೆ 1633ರ ಹಳೆಯ ಅರ್ಲ್ ಪದವಿ ಅಳಿಯಲಿಲ್ಲ. ಅದು ದಾಯಾದಿಯ ಕಡೆಗೆ ಹೊರಳಿತು. ಜೇಮ್ಸ್‌ನ ಚಿಕ್ಕಪ್ಪ ವಿಲಿಯಂ ಇನ್ನೊಂದು ಮನೆತನದ ಆಸ್ತಿಗೆ ಬಾಧ್ಯಸ್ಥನಾಗಿ ಮೌಲ್ ಎಂಬ ಹೆಸರಿಟ್ಟುಕೊಂಡಿದ್ದ. ಅವನ ಮಗ ಫಾಕ್ಸ್ ಮೌಲ್, ಕ್ರಿಮಿಯಾ ಯುದ್ಧದ ಕಾಲದಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದವನು, ಹನ್ನೊಂದನೆಯ ಅರ್ಲ್ ಆದ. ರಾಮ್ಸೆ ಹೆಸರನ್ನು ಮತ್ತೆ ಸೇರಿಸಿಕೊಂಡ. ಅವನಿಗೂ ಮಕ್ಕಳಿರಲಿಲ್ಲ. 1874ರಲ್ಲಿ ಅವನು ಸತ್ತಾಗ ಅವನ ತಂದೆಗೆ 1831ರಲ್ಲಿ ಬಂದಿದ್ದ ಪ್ಯಾನ್‌ಮ್ಯೂರ್ ಬ್ಯಾರನ್ ಪದವಿ ಮುಗಿಯಿತು. ಅರ್ಲ್ ಪದವಿ ಮಾತ್ರ ಮತ್ತೊಬ್ಬ ಚಿಕ್ಕಪ್ಪನ ಮಗ, ನೌಕಾಪಡೆಯ ಜಾರ್ಜ್ ರಾಮ್ಸೆಗೆ ಹೋಯಿತು. ಹದಿನಾಲ್ಕು ವರ್ಷಗಳಲ್ಲಿ ಎರಡು ಸಲ ಗಂಡು ಮಕ್ಕಳಿಲ್ಲದ ಪ್ರಸಂಗ ಬಂದರೂ ಹಳೆಯ ಪದವಿ ಪಾರಾಯಿತು.

ಕೋಲ್ಸ್‌ಟನ್ ಜಮೀನು ಏನಾಯಿತು? ಪದವಿ ದಾಯಾದಿಯ ಪಾಲಾದರೆ ಅಜ್ಜಿಯ ಜಮೀನು ಹಿರಿಯ ಮಗಳು ಸೂಸನ್‌ಗೆ ಬಂತು. ಆಸ್ತಿ ಬೇರೆ, ಪದವಿ ಬೇರೆ ಎಂದು ತಂದೆ ಝಾನ್ಸಿಯ ವಿಚಾರದಲ್ಲಿ ಮಾಡಿದ ವಿಂಗಡಣೆ ಅವನ ಮನೆಯಲ್ಲೂ ಹಾಗೆಯೇ ನಡೆಯಿತು. ಸೂಸನ್ ಮದುವೆಯಾದ ರಾಬರ್ಟ್ ಬೂರ್ಕ್ ಮುಂದೆ ಲಾರ್ಡ್ ಕೊನೆಮರಾ ಆಗಿ, 1886ರಿಂದ 1890ರವರೆಗೆ ಮದ್ರಾಸಿನ ಗವರ್ನರಾಗಿದ್ದ. ಚೆನ್ನೈನ ಕೊನೆಮರಾ ಗ್ರಂಥಾಲಯಕ್ಕೆ ಇರುವುದು ಅವನದೇ ಹೆಸರು. 1890ರಲ್ಲಿ ಸೂಸನ್ ಅವನಿಂದ ವಿಚ್ಛೇದನ ಪಡೆದಳು.

ಒಂದೇ ನ್ಯಾಯವೇ?

ಹಾಗಿದ್ದರೆ ಡಾಲ್‌ಹೌಸಿ ಭಾರತದ ರಾಜರಿಗೆ ಹೇಳಿದ ನ್ಯಾಯವನ್ನೇ ತಾನೂ ಅನುಭವಿಸಿದ, ಲೆಕ್ಕ ಸರಿಹೋಯಿತು ಎನ್ನಬಹುದೇ? ಹಾಗೆ ಹೇಳುವುದು ಸುಲಭ. ಆದರೆ ಎರಡು ವ್ಯತ್ಯಾಸಗಳನ್ನು ಮರೆಯುವಂತಿಲ್ಲ.

ಮೊದಲನೆಯದು, ಸ್ಕಾಟ್ಲೆಂಡಿನ ಸನ್ನದನ್ನು ಅದು ಹುಟ್ಟಿದ ನೆಲದ ಕಾನೂನಿನಂತೆ ಓದಲಾಯಿತು. ಅಲ್ಲಿ ‘ಗಂಡು ವಾರಸುದಾರ’ ಎಂದರೆ ದಾಯಾದಿಯೂ ಸೇರುತ್ತಾನೆ ಎಂಬುದು ರೂಢಿ. ಆ ರೂಢಿಗೆ ಗೌರವ ಸಿಕ್ಕಿತು. ಸಾತಾರಾದ ‘ವಾರಸುದಾರ’ನನ್ನು ಮಾತ್ರ ಈ ನೆಲದ ಶಾಸ್ತ್ರ, ರೂಢಿಗಳಂತೆ ಓದಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. 1860ರಲ್ಲಿ ಮಾರ್ಕ್ವಿಸ್ ಪದವಿ ಅಳಿದಾಗ ವಿಕ್ಟೋರಿಯಾ ರಾಣಿಗೆ ಒಂದು ಅಂಗುಲ ನೆಲವೂ ಸಿಗಲಿಲ್ಲ. ಯಾವ ರೈತನ ಕಂದಾಯವೂ ಬದಲಾಗಲಿಲ್ಲ. ಯಾವ ಸಿಪಾಯಿಯ ಕೆಲಸವೂ ಹೋಗಲಿಲ್ಲ. ಅಳಿದದ್ದು ಒಂದು ಹೆಸರು. ಝಾನ್ಸಿ, ನಾಗಪುರಗಳಲ್ಲಿ ಹೋದದ್ದು ರಾಜ್ಯ. ಅದರೊಂದಿಗೆ ಅರಮನೆಯ ನೌಕರರು, ಸೈನಿಕರು, ಕುಶಲಕರ್ಮಿಗಳ ಅನ್ನವೂ ಹೋಯಿತು. ಅಲ್ಲಿ ವಾರಸುದಾರನಿಲ್ಲ ಎಂದು ತೀರ್ಪು ಕೊಟ್ಟವನೂ ಕಂಪನಿ, ತೀರ್ಪಿನಿಂದ ಲಾಭ ಪಡೆದವನೂ ಕಂಪನಿ.

ಬ್ರಿಟಿಷರಿಗೂ ಇದು ಅರ್ಥವಾಗದೆ ಇರಲಿಲ್ಲ. ದಂಗೆಯ ನಂತರ, 1862ರಲ್ಲಿ, ಕ್ಯಾನಿಂಗ್ ಅನೇಕ ಸಂಸ್ಥಾನಿಕರಿಗೆ ದತ್ತಕದ ಹಕ್ಕನ್ನು ಒಪ್ಪುವ ಸನ್ನದುಗಳನ್ನು ಕೊಟ್ಟ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರ ಒಡೆಯರನ್ನು ದತ್ತು ಸ್ವೀಕರಿಸಿದರು. ದೀರ್ಘ ಹೋರಾಟದ ಬಳಿಕ 1867ರಲ್ಲಿ ಲಂಡನ್ ಅದನ್ನು ಒಪ್ಪಿತು. ಮರುವರ್ಷ ಮಹಾರಾಜರು ತೀರಿಕೊಂಡರು. 1881ರಲ್ಲಿ ರಾಜ್ಯ ಒಡೆಯರ ಮನೆತನದ ಕೈಗೆ ಮರಳಿತು. ಡಾಲ್‌ಹೌಸಿಯ ಟಿಪ್ಪಣಿ ಕಡತದಲ್ಲೇ ಉಳಿಯಿತು. ಮೈಸೂರು ಉಳಿದದ್ದು ದತ್ತು ಮಗನಿಂದ.

ಅತ್ತ ಅರ್ಲ್‌ಗಳ ಸಾಲೂ ಮುಂದುವರಿಯಿತು. ಹದಿಮೂರನೆಯ ಅರ್ಲ್ 1886ರಲ್ಲಿ ಸ್ಕಾಟ್ಲೆಂಡ್ ಮಂತ್ರಿಯಾಗಿದ್ದ. ಮರುವರ್ಷ ಹೆಂಡತಿ ಸತ್ತ ಮರುದಿನವೇ ತಾನೂ ಸತ್ತ. ಹದಿನಾರನೆಯವನು 1957ರಿಂದ 1963ರವರೆಗೆ ಆಫ್ರಿಕದ ರೊಡೇಷಿಯಾ ಮತ್ತು ನ್ಯಾಸಲ್ಯಾಂಡ್ ಒಕ್ಕೂಟದ ಗವರ್ನರ್ ಜನರಲ್. ಆ ಒಕ್ಕೂಟ ಮುರಿದುಬೀಳುವವರೆಗೂ ಆ ಹುದ್ದೆಯಲ್ಲಿದ್ದ. ಅವನು 1999ರಲ್ಲಿ ತೀರಿಕೊಂಡ ಮೇಲೆ ಮಗ ಜೇಮ್ಸ್ ಹದಿನೇಳನೆಯ ಅರ್ಲ್ ಆದರು. ಹಳೆಯ ಕೋಟೆ ಕುಟುಂಬದ ಕೈಬಿಟ್ಟು ಹೋಟೆಲಾಗಿ ಪರಿವರ್ತನೆಯಾಗಿದೆ.

ಕಲ್ಕತ್ತೆಯ ಡಾಲ್‌ಹೌಸಿ ಚೌಕಕ್ಕೆ ಸ್ವಾತಂತ್ರ್ಯಾನಂತರ ಬಿನೋಯ್, ಬಾದಲ್, ದಿನೇಶ್ ಎಂಬ ಮೂವರು ಕ್ರಾಂತಿಕಾರಿಗಳ ಹೆಸರಿಡಲಾಯಿತು. ಹಿಮಾಚಲದ ಡಾಲ್‌ಹೌಸಿ ಗಿರಿಧಾಮಕ್ಕೆ ಮಾತ್ರ ಹಳೆಯ ಹೆಸರೇ ಇದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಪ್ರವಾಸಿಗರು ಆ ಹೆಸರನ್ನು ಓದಿದಾಗ ಸ್ಕಾಟ್ಲೆಂಡಿನ ಆ ಸನ್ನದನ್ನೂ, ಬೆಳಗಾವಿಯ ಗಲ್ಲುಗಂಬವನ್ನೂ ಒಟ್ಟಿಗೆ ನೆನೆದರೆ ಇತಿಹಾಸ ಪೂರ್ತಿಯಾದೀತು. ವಾರಸುದಾರ ಯಾರು ಎಂಬ ಪ್ರಶ್ನೆ ಎರಡೂ ಕಡೆ ಎದ್ದಿತ್ತು. ಉತ್ತರ ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದರಲ್ಲಿ ವ್ಯತ್ಯಾಸವಿತ್ತು.